ಕ್ರೀಡೆಯಲ್ಲಿ ವಿಭಾಗ: ನ್ಯಾಯವೂ ಬೇಕು, ಮಾನವೂ ಉಳಿಯಬೇಕು

ಮುಂಬಯಿ: ಚಳಿಗಾಲ ಬಂತೆಂದರೆ ಕನ್ನಡ ಸಂಘ-ಸಂಸ್ಥೆಗಳಲ್ಲಿ ವಾರ್ಷಿಕ ಕ್ರೀಡೋತ್ಸವದ ಸಡಗರ. ಹಗ್ಗಜಗ್ಗಾಟದ ಹೊತ್ತಿಗೆ 'ಆ ತಂಡದವರೆಲ್ಲ ಭಾರೀ ಆಳುಗಳು' ಎಂಬ ತಕರಾರು ಏಳುವುದೂ ಹೊಸತಲ್ಲ. ಅಂತಾರಾಷ್ಟ್ರೀಯ ಹಗ್ಗಜಗ್ಗಾಟದಲ್ಲಿ ಎಂಟು ಮಂದಿಯ ಒಟ್ಟು ತೂಕವನ್ನು ಮೊದಲೇ ಅಳೆದು ತಂಡಗಳನ್ನು ವಿಂಗಡಿಸುತ್ತಾರೆ. ಸಣ್ಣ ಮೈಕಟ್ಟಿನ ಸಮರ್ಥರಿಗೂ ಗೆಲ್ಲುವ ಅವಕಾಶ ಸಿಗಲಿ ಎಂಬುದೇ ಇದರ ಉದ್ದೇಶ.

ಆದರೆ ಗೆರೆ ಎಳೆದ ಮೇಲೆ ಅದರಾಚೆ ಉಳಿಯುವವರೂ ಇರುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 50 ಕೆ.ಜಿ. ಕುಸ್ತಿಯಲ್ಲಿ ವಿನೇಶ್ ಫೋಗಟ್ ಅವರು ಜಪಾನಿನ ಯುಯಿ ಸುಸಾಕಿಯನ್ನು ಮಣಿಸಿ ಫೈನಲ್ ತಲುಪಿದ್ದರು. ಮರುದಿನ ಬೆಳಿಗ್ಗೆ ತೂಕ 100 ಗ್ರಾಂ ಹೆಚ್ಚಿದ್ದುದರಿಂದ ಅನರ್ಹಗೊಂಡರು. ಕ್ರೀಡಾ ನ್ಯಾಯಮಂಡಳಿಯೂ ಅವರ ಮನವಿಯನ್ನು ತಳ್ಳಿಹಾಕಿತು. ಮೊದಲು 53 ಕೆ.ಜಿ.ಯಲ್ಲಿ ಸೆಣಸುತ್ತಿದ್ದ ಅವರು ಕೆಳಗಿನ ವಿಭಾಗಕ್ಕೆ ಇಳಿದಿದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ 10 ತೂಕ ವಿಭಾಗಗಳಿದ್ದರೆ, ಒಲಿಂಪಿಕ್ಸ್‌ನಲ್ಲಿ ಆರೇ ಆರು. ನಿಯಮ ಕಠಿಣವಾದರೂ ಎಲ್ಲರಿಗೂ ಮೊದಲೇ ತಿಳಿದಿತ್ತು; ಎಲ್ಲರಿಗೂ ಒಂದೇ ಆಗಿತ್ತು.

ಮಹಿಳಾ ವಿಭಾಗದ ಪ್ರಶ್ನೆ ಇಷ್ಟು ಸರಳವಲ್ಲ. ಪ್ರಾಯಕ್ಕೆ ಬರುವಾಗ ಟೆಸ್ಟೋಸ್ಟಿರೋನ್ ಹಾರ್ಮೋನು ಪುರುಷರ ಸ್ನಾಯು, ಮೂಳೆಗಳಿಗೆ ಹೆಚ್ಚಿನ ಬಲ ನೀಡುತ್ತದೆ. ಅಗ್ರಮಾನ್ಯ ಓಟಗಾರರಲ್ಲಿ ಸ್ತ್ರೀ-ಪುರುಷರ ನಡುವಿನ ಅಂತರ ಸುಮಾರು ಶೇ. 10. ಆದ್ದರಿಂದ ಪ್ರತ್ಯೇಕ ವಿಭಾಗ ಅನಿವಾರ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಪರೀಕ್ಷೆಗೊಳಗಾಗುವುದು ಇಳಿಸಬಹುದಾದ ತೂಕವಲ್ಲ, ಹುಟ್ಟಿನಿಂದ ಬಂದ ಶರೀರ.

2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀ. ಓಟದಲ್ಲಿ ಬೆಳ್ಳಿ ಗೆದ್ದ ತಮಿಳುನಾಡಿನ ಶಾಂತಿ ಸೌಂದರರಾಜನ್ ಲಿಂಗ ಪರೀಕ್ಷೆಯ ಬಳಿಕ ಪದಕ ಕಳೆದುಕೊಂಡರು. ವಿಷಯ ಮಾಧ್ಯಮಗಳಲ್ಲಿ ಬಯಲಾಗಿ ಊರಿಗೇ ಸುದ್ದಿಯಾಯಿತು. ಒಡಿಶಾದ ದ್ಯುತಿ ಚಂದ್ ಅವರನ್ನು ಹಾರ್ಮೋನಿನ ಪ್ರಮಾಣದ ಕಾರಣಕ್ಕೆ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಕೈಬಿಡಲಾಗಿತ್ತು. ಎದೆಗುಂದದ ಅವರು ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲೇರಿದರು. 2015ರಲ್ಲಿ ಆ ನಿಯಮಕ್ಕೆ ತಡೆ ಬಿತ್ತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಅವರ ಪಾಲಾಯಿತು. ಈಗ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು 2025ರ ಸೆಪ್ಟೆಂಬರ್‌ನಿಂದ, ವಿಶ್ವ ಶ್ರೇಯಾಂಕ ಸ್ಪರ್ಧೆಗಳ ಮಹಿಳಾ ವಿಭಾಗಕ್ಕೆ ಜೀವನದಲ್ಲೊಮ್ಮೆ ಜೀನ್ ಪರೀಕ್ಷೆಯನ್ನು ಕಡ್ಡಾಯಗೊಳಿಸಿದೆ.

ನಿಯಮ ಬದಲಾಗುತ್ತಲೇ ಇರಬಹುದು. ಹುಡುಗಿಯ ಮಾನ ಒಮ್ಮೆ ಹೋದರೆ ಮರಳಿ ಬಾರದು. ಪರೀಕ್ಷೆ ಏನೇ ಇರಲಿ, ಅದರ ಫಲಿತಾಂಶ ಆಟಗಾರ್ತಿ ಮತ್ತು ವೈದ್ಯರ ನಡುವೆಯೇ ಉಳಿಯಬೇಕು. ಕ್ರೀಡೋತ್ಸವ ಏರ್ಪಡಿಸುವ ಸಂಘಗಳೂ ವಯಸ್ಸು, ತೂಕ, ವಿಭಾಗಗಳ ನಿಯಮವನ್ನು ಮುಂಚಿತವಾಗಿ ಪ್ರಕಟಿಸಿ, ತಕರಾರು ಬಂದಾಗ ಮೈಕಿನ ಮುಂದೆ ಚರ್ಚಿಸದೆ ಸಂಬಂಧಪಟ್ಟವರೊಡನೆ ಪ್ರತ್ಯೇಕವಾಗಿ ಮಾತಾಡಿ ಬಗೆಹರಿಸಿದರೆ ಗೆದ್ದವರಿಗೂ ಸೋತವರಿಗೂ ನ್ಯಾಯ ಸಿಕ್ಕಂತಾಗುತ್ತದೆ.