ಸರ್ವರು ಬದಲಾದಾಗ ಡಿಸ್ಕಿನ ಜೋಪಾನ

ಜಯನಗರ, ಬನಶಂಕರಿಗಳ ಮನೆಗಳಲ್ಲಿ ಹಿರಿಯರ ದನಿ, ಮದುವೆಯ ಚಿತ್ರಗಳು ಈಗ ಡಿಸ್ಕಿನಲ್ಲಿ ಇರುವುದುಂಟು. ಶಾಲೆಯ ಅಂಕಪಟ್ಟಿಗಳೂ ಅಷ್ಟೆ. ಆ ಡಿಸ್ಕನ್ನು ಒಂದು ಸರ್ವರಿನಿಂದ ಬಿಡಿಸಿ ಇನ್ನೊಂದಕ್ಕೆ ಜೋಡಿಸುವ ಮೊದಲು ತಾವು ತಿಳಿದಿರಬೇಕಾದುದು ಇಷ್ಟು.

ಡಿಸ್ಕಿನ ಯಾವ ಭಾಗದಲ್ಲಿ ಯಾವ ಕಡತವಿದೆ ಎಂಬ ಲೆಕ್ಕ ಡಿಸ್ಕಿನಲ್ಲಿಯೇ ಇರುತ್ತದೆ. ವಿಂಡೋಸಿನ ಲೆಕ್ಕದ ಪದ್ಧತಿ ಎನ್‌ಟಿಎಫ್‌ಎಸ್. ಲಿನಕ್ಸಿನಲ್ಲಿ ಬಳಕೆಯಾದುದು 2008ರ ಇಎಕ್ಸ್‌ಟಿ-4. ಲಿನಕ್ಸು ಮೊದಲನೆಯದನ್ನು ಓದಬಲ್ಲದು, ವಿಂಡೋಸು ಎರಡನೆಯದನ್ನು ತಾನಾಗಿ ಓದಲಾರದು. ಓದಲಾಗದೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡಲೆ ಎಂದು ಕೇಳುತ್ತದೆ. ಬೇಡವೆನ್ನಿರಿ! ಡಿಸ್ಕು ಬರಿದಾಗಿಲ್ಲ, ಹೌದೆಂದರೆ ಬರಿದಾದಂತೆಯೇ.

ಮೊದಲು ಬೇರೊಂದು ಪ್ರತಿ ತೆಗೆದಿಡಬೇಕು. ಹಳೆಯ ಯಂತ್ರವನ್ನು ಪೂರ್ತಿ ನಿಲ್ಲಿಸಿ ಡಿಸ್ಕನ್ನು ಬಿಡಿಸಬೇಕು; ಹೈಬರ್ನೇಟ್ ಮಾಡಿದರೆ ಸಾಲದು. ಜಾಲದ ಮೂಲಕ ಒಂದೇ ಡಿಸ್ಕು ಎರಡು ಸರ್ವರಿಗೂ ಕಾಣುವಂತಿದ್ದರೆ, ಎರಡೂ ಒಟ್ಟಿಗೆ ಬರೆಯಲು ಬಿಡಕೂಡದು. ಒಂದು ಬರೆದ ಲೆಕ್ಕ ಇನ್ನೊಂದಕ್ಕೆ ತಿಳಿಯದೆ ಎರಡೂ ಕೆಡುತ್ತವೆ. ಹೊಸ ಸರ್ವರಿನಲ್ಲಿ ಮೊದಲು ಓದಲು ಮಾತ್ರ ತೆರೆದು ನೋಡುವುದು ಲೇಸು.

ಕಡತಗಳಿಗೆ ಕನ್ನಡದಲ್ಲಿ ಹೆಸರಿಟ್ಟವರಿಗೆ ಬೇರೊಂದು ತೊಡಕುಂಟು. ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಸಂಕೇತಗಳಷ್ಟು ಜಾಗ ಕೊಡುತ್ತದೆ; ಇಎಕ್ಸ್‌ಟಿ-4 ಕೊಡುವುದು 255 ಬೈಟು. ಅಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟು ಬೇಕು; 85ಕ್ಕೇ ಮಿತಿ ಮುಗಿಯಿತು. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ. ಯಂತ್ರಕ್ಕಾದರೋ ಸ, ತ, ರ, ಎರಡು ಹಲಂತ ಚಿಹ್ನೆ, ಒಂದು ದೀರ್ಘ ಈಕಾರ: ಆರು ಸಂಕೇತ, 18 ಬೈಟು! ಒತ್ತಕ್ಷರದ ಭಾಷೆಗೆ ಇದು ದುಬಾರಿ ಲೆಕ್ಕವೇ ಸರಿ. ಅಲ್ಲಿಂದಿಲ್ಲಿಗೆ ನಕಲಿಸುವಾಗ ಉದ್ದ ಹೆಸರಿನ ಕಡತಗಳು ಹಿಂದುಳಿಯುತ್ತವೆ. ಹೆಸರುಗಳನ್ನು ಮೊದಲೇ ಮೊಟಕಿಸಿರಿ. ಎರಡೂ ಕಡೆಯ ಎಣಿಕೆ ಸರಿಹೊಂದುವವರೆಗೆ ಹಳೆಯದನ್ನು ಅಳಿಸಬೇಡಿರಿ.