ಸ್ಟೀರಿಂಗ್ ಸಡಿಲವಾದರೆ?

ಘೋಣಸಗಿಯಿಂದ ವಿಜಯಪುರಕ್ಕೆ ಹೊರಟಿದ್ದೀರಿ. ಸ್ಟೀರಿಂಗ್ ಚಕ್ರವನ್ನು ತುಸು ತಿರುಗಿಸಿದರೂ ಮುಂದಿನ ಗಾಲಿಗಳು ಹೊರಳುತ್ತಿಲ್ಲ. ಈ ಸಡಿಲಿಕೆಯೇ 'ಪ್ಲೇ'. ಹಲವು ಕಾರುಗಳಲ್ಲಿ ಇದು ಚಕ್ರದ ಅಂಚಿನಲ್ಲಿ ಸುಮಾರು 30 ಮಿ.ಮೀ. ಮೀರಬಾರದು.

ಕಾರಣವೇನು? ಗಾಲಿಯನ್ನು ಹೊರಳಿಸುವ ಟೈರಾಡ್‌ನ ತುದಿಯಲ್ಲಿ, ನಮ್ಮ ಭುಜದಲ್ಲಿರುವಂತೆ, ಗುಂಡು-ಬಟ್ಟಲಿನ ಕೀಲಿದೆ. ಅದರ ರಬ್ಬರ್ ಹೊದಿಕೆ ಹರಿದರೆ ದೂಳು, ನೀರು ಒಳಹೊಕ್ಕು ಕೀಲು ಸವೆಯುತ್ತದೆ.

ಪತ್ತೆ ಹೇಗೆ? ಸಮತಟ್ಟಾದ ನೆಲದಲ್ಲಿ ಗಾಲಿಯನ್ನು ಜಾಕಿನಿಂದ ಎತ್ತಿ, ಕಾರಿಗೆ ಸ್ಟ್ಯಾಂಡಿನ ಆಧಾರ ಕೊಡಿ. ಗಾಲಿಯನ್ನು ಗಡಿಯಾರದ 9 ಮತ್ತು 3ರ ಸ್ಥಾನಗಳಲ್ಲಿ ಹಿಡಿದು ಅಲುಗಿಸಿ. ಅಲುಗಿದರೆ ಟೈರಾಡ್ ಕೀಲನ್ನು ಮೊದಲು ನೋಡಿ. 12 ಮತ್ತು 6ರಲ್ಲೂ ಅಲುಗಿದರೆ ಬೇರಿಂಗ್ ಅಥವಾ ಬಾಲ್‌ಜಾಯಿಂಟ್ ಪರೀಕ್ಷಿಸಿ.

ಸವೆದ ಕೀಲನ್ನು ಬಿಗಿ ಮಾಡಿ ಪ್ರಯೋಜನವಿಲ್ಲ. ಬದಲಿಸಬೇಕು, ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ತಡಮಾಡಿ ಕೀಲು ಕಳಚಿದರೆ ಆ ಗಾಲಿ ಚಾಲಕನ ಹಿಡಿತದಲ್ಲಿ ಇರುವುದಿಲ್ಲ.