ಲಯ ಪಾರ್ಕರರದು, ಸ್ವರ ಮಹಾಂತಪ್ಪನವರದು

ಚಾರ್ಲಿ ಪಾರ್ಕರ್ 1955ರಲ್ಲಿ ತೀರಿಕೊಂಡಾಗ ಅವರಿಗಿನ್ನೂ 34 ವರ್ಷ. ಅಷ್ಟರೊಳಗೆ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಅವರು ನುಡಿಸಿಟ್ಟದ್ದನ್ನು ಜಾಝ್ ಕಲಿಯುವವರು ಇವತ್ತಿಗೂ ಒಂದು ಸ್ವರ ಬಿಡದೆ ಅಭ್ಯಾಸ ಮಾಡುತ್ತಾರೆ. ಕರ್ನಾಟಕ ಮೂಲದ ಕುಟುಂಬದಲ್ಲಿ 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಹುಟ್ಟಿ ಅಮೆರಿಕದ ಬೌಲ್ಡರ್‌ನಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಅವರದೂ ಅದೇ ವಾದ್ಯ. ಟ್ರಂಪೆಟ್, ಪಿಯಾನೊ, ಡಬಲ್ ಬಾಸ್, ಡ್ರಮ್ಸ್ ಸೇರಿಸಿಕೊಂಡು ಐದೇ ಜನರ ತಂಡದಲ್ಲಿ ಅವರು 2015ರಲ್ಲಿ ‘ಬರ್ಡ್ ಕಾಲ್ಸ್’ ಆಲ್ಬಂ ಹೊರತಂದರು. ‘ಬರ್ಡ್’ ಎಂಬುದು ಪಾರ್ಕರರಿಗೆ ಅಂಟಿದ್ದ ಅಡ್ಡಹೆಸರು. ಹಾಗಿದ್ದೂ ಆ ಆಲ್ಬಂನಲ್ಲಿ ಪಾರ್ಕರರ ಒಂದು ರಚನೆಯೂ ಇದ್ದ ಹಾಗೆ ಬರುವುದಿಲ್ಲ. ಅದನ್ನು ಪಾರ್ಕರ್ ಸಂಗೀತ ಎನ್ನಬಹುದೇ? ಧಾರಾಳವಾಗಿ ಎನ್ನಬಹುದು.

‘ಮೇಬಿ ಲೇಟರ್’ ಎಂಬ ತುಣುಕನ್ನೇ ನೋಡಿ. ಪಾರ್ಕರರ ‘ನೌಸ್ ದ ಟೈಮ್’ ಅದರ ಮೂಲ. (‘ಈಗಲೇ’ ಎಂದವರಿಗೆ ‘ಆಮೇಲೆ ನೋಡೋಣ’ ಎಂಬ ಉತ್ತರ, ಜಾಝ್‌ನವರ ಕೀಟಲೆ ಇಂಥದ್ದು.) ಅಲ್ಲಿ ಪಾರ್ಕರರ ಮನೋಧರ್ಮದ ಲಯವನ್ನು ಹಾಗೇ ಉಳಿಸಿಕೊಂಡು ಸ್ವರಗಳನ್ನು ಮಾತ್ರ ಬದಲಿಸಲಾಗಿದೆ. ಕೊನ್ನಕೋಲು ಕೇಳಿದವರಿಗೆ ಇದು ಹೊಸತಲ್ಲ: ಸೊಲ್ಲುಕಟ್ಟು ಒಂದೇ ಇದ್ದರೂ ಅದರ ಮೇಲೆ ಬೇರೆ ಬೇರೆ ಸ್ವರ ಕೂರಿಸಬಹುದು. ಪಾರ್ಕರರನ್ನು ಪಾರ್ಕರರನ್ನಾಗಿ ಮಾಡಿದ್ದು ಎಲ್ಲಿ ತಡೆದು ಎಲ್ಲಿ ನುಗ್ಗಬೇಕೆಂಬ ಆ ಲೆಕ್ಕವೇ ಎಂದು ಮಹಾಂತಪ್ಪ ತೋರಿಸುತ್ತಾರೆ. ಇನ್ನು ಪಾರ್ಕರರೂ ಮಾಡಿದ್ದು ಇಂಥದ್ದನ್ನೇ. 1945ರ ‘ಕೋ ಕೋ’ದಲ್ಲಿ ರೇ ನೋಬಲ್ ಅವರ ‘ಚೆರೊಕಿ’ ಹಾಡಿನ ಸ್ವರಮೇಳದ ಹಂದರವನ್ನಷ್ಟೇ ಎತ್ತಿಕೊಂಡು ಹಾಡನ್ನು ಅಲ್ಲೇ ಬಿಟ್ಟಿದ್ದರು.

ಕೇಳಿದವರಿಗೆ ಮೂಲದ ಗುರುತೇ ಸಿಗದಿದ್ದರೆ ಅದೆಂಥ ಗೌರವ ಎಂದು ಕೇಳಬಹುದು. ಆದೋನಿ, ಮಂತ್ರಾಲಯ, ಸಿ. ಬೆಳಗಲ್ ಸೀಮೆಯಲ್ಲಿ ಈ ಪ್ರಶ್ನೆಗೆ ಆಗಲೇ ಅರ್ಧ ಉತ್ತರವಿದೆ. 1755ರಲ್ಲಿ ಅಲ್ಲಿನ ಚಿಪ್ಪಗಿರಿಯಲ್ಲಿ ಕೊನೆಯುಸಿರೆಳೆದ ಹರಿದಾಸ ವಿಜಯದಾಸರ ಸುಳಾದಿ, ಪದಗಳ ಸಾಹಿತ್ಯ ಉಳಿಯಿತು. ಮಟ್ಟುಗಳು ಬಹುಪಾಲು ಉಳಿಯಲಿಲ್ಲ. ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡಿದರೂ ಅದು ವಿಜಯದಾಸರದಲ್ಲ ಎಂದು ಭಜನಾ ಮಂಡಳಿಯಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಅಲ್ಲಿ ಅಂಕಿತವಿದೆ, ಮಾತಿದೆ. ಪಾರ್ಕರರಲ್ಲಿ ಸ್ವರವನ್ನು ಬಿಟ್ಟರೆ ಇನ್ನೇನಿದೆ ಎಂಬ ಮರುಪ್ರಶ್ನೆ ಗಟ್ಟಿಯಾದದ್ದೇ. ಮೂಲ ಕೇಳದವರಿಗೆ ‘ಬರ್ಡ್ ಕಾಲ್ಸ್’ ಅರ್ಧದಷ್ಟೇ ದಕ್ಕುತ್ತದೆ. ಅದು ಅದರ ಮಿತಿ. ಆದರೆ ಮಾತು ಇಲ್ಲದ ಸಂಗೀತದಲ್ಲಿ ಲಯವೂ ಹಂದರವೂ ಅಂಕಿತದ ಕೆಲಸ ಮಾಡಬಲ್ಲವು.

ಇದೆಲ್ಲ ಜಾಝ್‌ಗೆ ಹಚ್ಚಿದ ಭಾರತದ ಬಣ್ಣ ಎನ್ನುವವರೂ ಇದ್ದಾರೆ. ಪಾರ್ಕರರ ‘ಸ್ಟೀಪಲ್‌ಚೇಸ್’ನಿಂದ ಹುಟ್ಟಿದ ತುಣುಕಿಗೆ ‘ಗೋಪುರಂ’ ಎಂದು ಹೆಸರಿಟ್ಟದ್ದು ನಿಜ. ಆದರೆ ತಂಡದಲ್ಲಿ ಮೃದಂಗವಿಲ್ಲ, ತಂಬೂರಿಯೂ ಇಲ್ಲ. ಅವು ಬೇಕಿದ್ದರೆ ಮಹಾಂತಪ್ಪನವರಿಗೆ ದಾರಿ ಗೊತ್ತಿತ್ತು: 2008ರ ‘ಕಿನ್ಸ್‌ಮೆನ್’ನಲ್ಲಿ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರ ಪಕ್ಕದಲ್ಲೇ ಮೃದಂಗ, ಪಿಟೀಲುಗಳ ನಡುವೆ ನುಡಿಸಿದ್ದರು. 2020ರ ‘ಹೀರೋ ಟ್ರಿಯೊ’ದಲ್ಲಿ ಪಿಯಾನೊ, ಟ್ರಂಪೆಟ್‌ಗಳನ್ನೂ ಕೈಬಿಟ್ಟು ಮೂವರೇ ನಿಂತರು; ಈ ಸಲ ಪಾರ್ಕರರ ‘ರೆಡ್ ಕ್ರಾಸ್’ಗೆ ಬೇರೆ ಹೆಸರು ಇಡುವ ಗೋಜಿಗೆ ಹೋಗಲಿಲ್ಲ.